ಮಾತಿನ ದಾರಿಯಲ್ಲಿ ಕಾಗದದ ಪಯಣ

ವಿಜಯಪುರದ ಗೋಳಗುಮ್ಮಟವನ್ನು ನೋಡಲು ಬಂದವರೆಲ್ಲರೂ ತಪ್ಪದೆ ಮಾಡುವ ಕೆಲಸವೊಂದಿದೆ. ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು, ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಾರೆ. ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತ ಗೆಳೆಯನಿಗೆ ಅದು ಪಕ್ಕದಲ್ಲಿಯೇ ಆಡಿದ ಮಾತಿನಂತೆ ಕೇಳಿಸುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ ನಿಂತಿರುವ ಈ ಗುಮ್ಮಟದ ಹೊರ ಅಡ್ಡಗಲ ಸುಮಾರು 44 ಮೀಟರು. ಅದರೊಳಗೆ ಒಂದು ಚಪ್ಪಾಳೆ ಹಲವು ಚಪ್ಪಾಳೆಗಳಾಗಿ ಮರಳಿ ಬರುತ್ತದೆ. ಶಾಲೆಯ ಮಕ್ಕಳ ನಾಲ್ಕು ತಂಡಗಳು ಏಕಕಾಲಕ್ಕೆ ಕೂಗಿಕೊಂಡಾಗ ಅಲ್ಲಿ ಏಳುವ ಕೋಲಾಹಲವನ್ನು ಬಲ್ಲವರೇ ಬಲ್ಲರು. ಆದರೂ ಆ ಗದ್ದಲದ ನಡುವೆ ಯಾರಾದರೂ ನಮ್ಮ ಹೆಸರನ್ನು ಕರೆದರೆ ನಾವು ಹೊರಳಿ ನೋಡುತ್ತೇವೆ. ಅಕ್ಷರವೊಂದು ಮರುದನಿಯಲ್ಲಿ ಕಲಸಿಹೋದರೆ ಅದನ್ನು ಕಿವಿಯೂ ಮನಸ್ಸೂ ಕೂಡಿ ತುಂಬಿಕೊಳ್ಳುತ್ತವೆ. ಮನುಷ್ಯನ ಕಿವಿ ಬಲು ದೊಡ್ಡ ಕ್ಷಮಾಶೀಲ.

ಕಿವಿಯ ಈ ಕ್ಷಮಾಗುಣವನ್ನು ನಂಬಿಯೇ ಇಂದಿನ ಅಂತರ್ಜಾಲ ದೂರವಾಣಿ ನಿಂತಿದೆ. ಅದರ ಮೂಲಕ ಮಾತಿಗೆ ಬದಲಾಗಿ ಕಾಗದವನ್ನು ಕಳುಹಿಸಹೊರಟಾಗ ಏನಾಗುತ್ತದೆ, ಅದನ್ನು ನೆಚ್ಚಿಕೆಯಿಂದ ಕಳುಹಿಸುವ ಬಗೆ ಯಾವುದು ಎಂಬುದೇ ಇಂದಿನ ನನ್ನ ವಿಷಯ.

ಗುಮ್ಮಟವನ್ನು ಬೆನ್ನಿಗೆ ಹಾಕಿ ಪಶ್ಚಿಮಕ್ಕೆ ಊರನ್ನು ದಾಟಿದರೆ ಅಥಣಿ ರಸ್ತೆ. ತೊರವಿ, ತಿಕೋಟಾಗಳನ್ನು ಹಾದು, ದ್ರಾಕ್ಷಿಯ ಪಡಗಳ ನಡುವೆ ಅದು ಅಥಣಿಯತ್ತ ಸಾಗುತ್ತದೆ. ಈ ದಾರಿಯ ಬದಿಯ ಹಳ್ಳಿಯೊಂದರ ಹಿರಿಯ ಹೆಣ್ಣುಮಗಳೊಬ್ಬರು ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದರು. ಅಲ್ಲಿ ತಾವೇ ಹಾಸಿಗೆ ಹಿಡಿದರು. ಅವರಿಗೆ ಈ ಮೊದಲು ಚಿಕಿತ್ಸೆ ನೀಡಿದ ವೈದ್ಯರಿಂದಲೇ ಹಳೆಯ ಕಾಗದಗಳು ನೇರವಾಗಿ ಬರಬೇಕೆಂದು ಕೇಳಿ, ಅಲ್ಲಿಯ ಚಿಕಿತ್ಸಾಲಯದವರು ಒಂದು ಫ್ಯಾಕ್ಸ್ ಸಂಖ್ಯೆಯನ್ನು ಕೊಟ್ಟರು. ನಮ್ಮಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು; ಫ್ಯಾಕ್ಸೂ ಅದರ ಹಿಂದೆಯೇ ಹೋಯಿತೆಂದು ಬಗೆದವರುಂಟು. ಆದರೆ ಅಮೆರಿಕದ ವೈದ್ಯಲೋಕದಲ್ಲಿ ಅದು ಇನ್ನೂ ಬಳಕೆಯಲ್ಲಿದೆ. ಅಥಣಿ ರಸ್ತೆಯ ವೈದ್ಯರ ಬಳಿ ಹಳೆಯ ಯಂತ್ರವೊಂದು ಮೂಲೆಯಲ್ಲಿತ್ತು. ಧೂಳು ಕೊಡವಿ, ಎರಡು ಪುಟಗಳನ್ನು ಕಳುಹಿಸಿದರು. ಎಲ್ಲವೂ ಸರಿಯಾಗಿ ಹೋಯಿತೆಂದು ಯಂತ್ರ ಚೀಟಿಯನ್ನೂ ಮುದ್ರಿಸಿಕೊಟ್ಟಿತು.

ರಾತ್ರಿ ಮಗಳ ಕರೆ ಬಂದಿತು. ಎರಡು ಪುಟಗಳೂ ಬಂದಿವೆ, ಆದರೆ ಎರಡನೆಯ ಪುಟದಲ್ಲಿ ಅಲ್ಲಲ್ಲಿ ಕಪ್ಪು ಪಟ್ಟಿಗಳು ಬಿದ್ದಿವೆ ಎಂದಳು. ಅವುಗಳಲ್ಲೊಂದು ವೈದ್ಯರು ಕೈಯಿಂದ ಬರೆದ ಸಾಲಿನ ಮೇಲೆಯೇ ಬಿದ್ದಿತ್ತು. ಆ ಸಾಲಿನಲ್ಲಿ ಇದ್ದುದು ಆಕೆಗೆ ಒಗ್ಗದ ಔಷಧದ ಹೆಸರು. ದೂರವಾಣಿಯ ಕೆಲಸದಲ್ಲಿ ತಲೆ ನರೆಸಿಕೊಂಡವನೆಂದು ಮನೆಯವರು ನನ್ನನ್ನು ಕರೆದದ್ದು ಆಗ. "ಫೋನಿನಲ್ಲಿ ಮಾತು ಗಂಟೆ ಹೊಡೆದಂತೆ ಕೇಳುತ್ತದೆ, ಕಾಗದ ಮಾತ್ರ ಏಕೆ ಕೆಟ್ಟಿತು?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಳವಾದುದು, ಉತ್ತರಕ್ಕೆ ಮಾತ್ರ ತುಸು ಹಿಂದಿನಿಂದ ಬರಬೇಕು.

ಫ್ಯಾಕ್ಸ್ ಯಂತ್ರ ಕಾಗದವನ್ನು ಓದುವ ಬಗೆ ಇಳಕಲ್ಲಿನ ನೇಕಾರನಿಗೆ ಕೂಡಲೇ ಅರ್ಥವಾದೀತು. ಅದಕ್ಕೆ ಅಕ್ಷರ ತಿಳಿಯದು. ಎಳೆಗಳ ಲೆಕ್ಕ ಮಾತ್ರ ತಿಳಿಯುತ್ತದೆ. ಪುಟವನ್ನು ಅದು ಅಡ್ಡ ಗೆರೆಗಳಾಗಿ ಸೀಳುತ್ತದೆ. ಒಂದೊಂದು ಗೆರೆಯಲ್ಲಿ 1,728 ಚುಕ್ಕೆಗಳು, ಒಂದು ಮಿಲಿಮೀಟರಿಗೆ 3.85 ಗೆರೆಗಳು. ಸಾಮಾನ್ಯ ಪುಟವೊಂದರಲ್ಲಿ ಹೀಗೆ ಹತ್ತಿರ ಹತ್ತಿರ 20 ಲಕ್ಷ ಚುಕ್ಕೆಗಳಾಗುತ್ತವೆ. ಅಷ್ಟನ್ನೂ ಬಿಡಿಬಿಡಿಯಾಗಿ ಹೇಳುತ್ತ ಕುಳಿತರೆ ಹೊತ್ತು ಸಾಲದು. ಆದುದರಿಂದ ನೇಕಾರನು 'ಇಷ್ಟು ಎಳೆ ಬಿಳಿ, ಇಷ್ಟು ಎಳೆ ಕಪ್ಪು' ಎಂದು ಎಣಿಸುವಂತೆ, ಯಂತ್ರವೂ ಉದ್ದುದ್ದದ ಬಿಳುಪು ಕಪ್ಪುಗಳನ್ನು ಎಣಿಸಿ ಆ ಎಣಿಕೆಯನ್ನು ಮಾತ್ರ ಕಳುಹಿಸುತ್ತದೆ. ಎಣಿಕೆಯಲ್ಲಿ ಒಂದು ತಪ್ಪಿದರೆ ಆ ಗೆರೆಯ ಉಳಿದ ಭಾಗವೆಲ್ಲ ಸರಿದುಹೋಗುತ್ತದೆ. ಸೀರೆಯ ಅಂಚು ಕೆಡುವುದೂ ಹೀಗೆಯೇ.

ಈ ವಿದ್ಯೆ ನಾವು ತಿಳಿದಷ್ಟು ಹೊಸದಲ್ಲ. 1843ರಲ್ಲಿ ಇದಕ್ಕೆ ಮೊದಲ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಬೇನ್ ಸ್ಕಾಟ್ಲೆಂಡಿನ ಒಬ್ಬ ಗಡಿಯಾರ ಕೆಲಸಗಾರ. ಆಗ ದೂರವಾಣಿಯೇ ಹುಟ್ಟಿರಲಿಲ್ಲ. ತಂತಿಯೇ ಇನ್ನೂ ಕೂಸು. ಗಡಿಯಾರದವನೊಬ್ಬ ಇದಕ್ಕೆ ಕೈಹಾಕಿದ್ದು ಆಕಸ್ಮಿಕವೂ ಅಲ್ಲ. ಈ ತುದಿಯ ಲೋಲಕ ಕಾಗದದ ಎಡಬದಿಯಲ್ಲಿದ್ದಾಗ ಆ ತುದಿಯ ಲೋಲಕವೂ ಎಡಬದಿಯಲ್ಲಿಯೇ ಇರಬೇಕು; ಇಲ್ಲವಾದರೆ ಚಿತ್ರ ಓರೆಯಾಗುತ್ತದೆ. ಎರಡು ಊರುಗಳ ಎರಡು ಗಡಿಯಾರಗಳನ್ನು ಒಂದೇ ತಾಳಕ್ಕೆ ಕುಣಿಸುವುದೇ ಬೇನನ ಮುಖ್ಯ ತೊಡಕಾಗಿತ್ತು. 1865ರಲ್ಲಿ ಇಟಲಿಯ ಜೊವಾನಿ ಕಾಸೆಲ್ಲಿ ತನ್ನ ಯಂತ್ರದಿಂದ ಪ್ಯಾರಿಸ್ ಮತ್ತು ಲಿಯೋನ್ ನಗರಗಳ ನಡುವೆ ಸಾರ್ವಜನಿಕ ಸೇವೆ ನಡೆಸಿದಾಗಲೂ ತೊಡಕು ಇದೇ. ಅದು ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

ಇಂದು ನಾವು ಕಾಣುವ ಯಂತ್ರಗಳ ನಡವಳಿಕೆಯನ್ನು ಅಂತರರಾಷ್ಟ್ರೀಯ ಸಂಸ್ಥೆ 1980ರಲ್ಲಿ ಗೊತ್ತುಪಡಿಸಿತು. ಆ ನಡವಳಿಕೆ ಇಬ್ಬರು ಮರ್ಯಾದಸ್ಥರ ಭೇಟಿಯಂತಿದೆ. ಕರೆದ ಯಂತ್ರ 1,100 ಹರ್ಟ್ಸಿನ ಸ್ವರದಿಂದ ಬಾಗಿಲು ತಟ್ಟುತ್ತದೆ. ಕರೆಯಿಸಿಕೊಂಡ ಯಂತ್ರ 2,100 ಹರ್ಟ್ಸಿನ ಸ್ವರದಿಂದ 'ಇದ್ದೇನೆ' ಎನ್ನುತ್ತದೆ. ಬಳಿಕ ತನ್ನ ಶಕ್ತಿ ಇಷ್ಟೆಂದು ಅದು ಹೇಳಿಕೊಳ್ಳುತ್ತದೆ. ಇದು ವೇಗವನ್ನು ಸೂಚಿಸಿ, ಒಂದೂವರೆ ಸೆಕೆಂಡಿನ ಪರೀಕ್ಷೆಯ ಸ್ವರವನ್ನು ಕಳುಹಿಸುತ್ತದೆ. ಅದು ಸರಿಯಾಗಿ ತಲುಪಿದರೆ ಪುಟ ಹೊರಡುತ್ತದೆ. ಇಲ್ಲವಾದರೆ ವೇಗ ತಗ್ಗಿಸಿ ಮತ್ತೊಮ್ಮೆ ಪರೀಕ್ಷೆ. ಪುಟ ಮುಗಿದ ಮೇಲೆ 'ಮುಟ್ಟಿತೇ?' ಎಂಬ ಪ್ರಶ್ನೆ, 'ಮುಟ್ಟಿತು' ಎಂಬ ಉತ್ತರ. ಉತ್ತರಕ್ಕೆ ಸುಮಾರು 3 ಸೆಕೆಂಡು ಕಾಯುತ್ತದೆ. ಮೂರು ಬಾರಿ ಕೇಳಿಯೂ ಉತ್ತರ ಬಾರದಿದ್ದರೆ ಕರೆಯನ್ನು ಕಡಿದುಕೊಳ್ಳುತ್ತದೆ. ಈ ಸಂಭಾಷಣೆಯೆಲ್ಲ ಸ್ವರಗಳಲ್ಲಿಯೇ ನಡೆಯುವುದು. ಏಕೆಂದರೆ ದೂರವಾಣಿಯ ತಂತಿಗೆ ಹೊರಲು ಬರುತ್ತಿದ್ದುದು ಧ್ವನಿಯೊಂದೇ.

ಹಳೆಯ ದೂರವಾಣಿ ಈ ಹೊರೆಯನ್ನು ನಿಷ್ಠೆಯಿಂದ ಹೊತ್ತಿತು. ನಮ್ಮ ನಾಡಿನವರಿಗೆ ಇದರಲ್ಲಿ ಹೆಮ್ಮೆಪಡುವ ಕಾರಣವೂ ಇದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗೆಂದೇ ರೂಪಿಸಿದ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ನಮ್ಮ ಕಿತ್ತೂರಿನಲ್ಲಿ. ತಂಪುಕೋಣೆಯ ಹಂಗಿಲ್ಲದೆ, ಬಿಸಿಲಿಗೂ ಧೂಳಿಗೂ ಅಂಜದೆ ಕೆಲಸಮಾಡಬೇಕೆಂಬುದು ಅದರ ಗುರಿಯಾಗಿತ್ತು. ಅಂಥ ಅಂಕೀಯ ಕೇಂದ್ರಗಳಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್ಟುಗಳಲ್ಲಿ ಬರೆಯುತ್ತಾರೆ. ಹೀಗೆ ಸೆಕೆಂಡಿಗೆ 64,000 ಬಿಟ್ಟುಗಳ ದಾರಿಯೊಂದು ಕರೆ ಮುಗಿಯುವವರೆಗೂ ಆ ಇಬ್ಬರಿಗೇ ಮೀಸಲು. ಕೇಂದ್ರಗಳ ಗಡಿಯಾರಗಳೂ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ. ಎಸ್‌ಟಿಡಿ ಬೂತುಗಳ ಹಲಗೆಗಳ ಮೇಲೆ 'ಫ್ಯಾಕ್ಸ್, ಜೆರಾಕ್ಸ್' ಎಂದು ಬರೆದಿರುತ್ತಿದ್ದ ದಿನಗಳಲ್ಲಿ ನಮ್ಮ ಕಾಗದಗಳು ಸುಖವಾಗಿ ಪಯಣಿಸಿದ್ದು ಈ ರಾಜಮಾರ್ಗದಲ್ಲಿ.

ಅಂತರ್ಜಾಲ ದೂರವಾಣಿಯ ದಾರಿ ಬೇರೆ. ಭಾರತದಲ್ಲಿ ಇದಕ್ಕೆ ಸೀಮಿತ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಿಂದ. ಈಗ ಅನೇಕ ಮನೆಗಳಿಗೆ ತಾಮ್ರದ ತಂತಿ ಹೋಗಿ ಗಾಜಿನ ಎಳೆ ಬಂದಿದೆ. ಗೋಡೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ. ಅದರ ಬೆನ್ನಿಗೆ ಹಳೆಯ ಫೋನನ್ನು ಸಿಕ್ಕಿಸುವ ಕಿಂಡಿ. ಫೋನು ಅದೇ, ಗಂಟೆ ಅದೇ, ಸಂಖ್ಯೆಯೂ ಅದೇ. ಆದುದರಿಂದ ಒಳಗಿನ ವ್ಯವಸ್ಥೆ ಬದಲಾದದ್ದು ಮನೆಯವರಿಗೆ ತಿಳಿಯುವುದಿಲ್ಲ. ಆ ಪೆಟ್ಟಿಗೆಯಿಂದ ಮುಂದಕ್ಕೆ ಧ್ವನಿ ಅಖಂಡ ಧಾರೆಯಾಗಿ ಹರಿಯದು. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ, ಸೆಕೆಂಡಿಗೆ 50 ಪೊಟ್ಟಣಗಳಾಗಿ ಕಟ್ಟಲ್ಪಟ್ಟು, ಜಗತ್ತಿನ ಇತರ ಪೊಟ್ಟಣಗಳ ಜಾತ್ರೆಯಲ್ಲಿ ನುಗ್ಗಿಕೊಂಡು ಹೋಗುತ್ತದೆ. ಅಥಣಿ ರಸ್ತೆಯ ವೈದ್ಯರ ಫೋನೂ ಇಂಥದೇ ಆಗಿತ್ತು.

ಈ ಜಾತ್ರೆಯಲ್ಲಿ ಕಾಗದಕ್ಕೆ ಒದಗುವ ಕಂಟಕಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸಂಕೋಚನ. ದಾರಿಯನ್ನು ಉಳಿತಾಯ ಮಾಡಲೆಂದು ಮಾತನ್ನು 64,000 ಬಿಟ್ಟುಗಳಿಂದ 8,000 ಬಿಟ್ಟುಗಳಿಗೆ ಹಿಂಡುವ ಪದ್ಧತಿಗಳಿವೆ, ಜಿ. 729 ಎಂಬುದು ಅವುಗಳಲ್ಲಿ ಹೆಸರಾದುದು. ಮನುಷ್ಯನ ಗಂಟಲು ಹೇಗೆ ನುಡಿಯುತ್ತದೆ, ಕಿವಿಗೆ ಏನು ಬೇಕು ಎಂಬುದನ್ನು ಅರಿತು ಉಳಿದುದನ್ನು ಅದು ಕೈಬಿಡುತ್ತದೆ. ಮಾತಿಗೆ ಇದು ಸಾಕು. ಆದರೆ ಫ್ಯಾಕ್ಸ್ ಯಂತ್ರ ಸೆಕೆಂಡಿಗೆ 14,400 ಬಿಟ್ಟುಗಳವರೆಗೆ ಹೇಳಬಯಸುತ್ತದೆ. ಎಂಟು ಸೇರಿನ ಪಾತ್ರೆಯಲ್ಲಿ ಹದಿನಾಲ್ಕು ಸೇರು ಜೋಳ ಹಿಡಿಸುವುದೆಂತು? ಇಲ್ಲಿ ಯುಕ್ತಿಗೆ ಎಡೆಯೇ ಇಲ್ಲ.

ಎರಡನೆಯದು ಪೊಟ್ಟಣಗಳ ನಷ್ಟ. ಮಾತಿನ ನಡುವೆ ಒಂದು ಪೊಟ್ಟಣ ಕಳೆದುಹೋದರೆ, ತಲುಪುವೆಡೆಯ ಪೆಟ್ಟಿಗೆ ಹಿಂದಿನ ತುಣುಕನ್ನೇ ಹಿಗ್ಗಿಸಿ ತೇಪೆ ಹಾಕುತ್ತದೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಫ್ಯಾಕ್ಸಿಗಾದರೋ 20 ಮಿಲಿಸೆಕೆಂಡೆಂದರೆ, ಪೂರ್ಣ ವೇಗದಲ್ಲಿ, 288 ಬಿಟ್ಟುಗಳು. ಅವುಗಳ ಜೊತೆಗೆ ಕೇಳುತ್ತಿರುವ ಯಂತ್ರದ ತಾಳವೂ ತಪ್ಪುವುದರಿಂದ ಹಾನಿ ಅಲ್ಲಿಗೇ ನಿಲ್ಲದು. ಒಂದು ನಿಮಿಷಕ್ಕೆ 3,000 ಪೊಟ್ಟಣಗಳು. ಸಾವಿರಕ್ಕೆ ಒಂದು ಹೋಯಿತೆಂದರೂ ನಿಮಿಷಕ್ಕೆ ಮೂರು ಗಾಯ. ಮಾತಿಗೆ ಸೊಗಸಾದ ದಾರಿ ಕಾಗದಕ್ಕೆ ಕಲ್ಲುಮುಳ್ಳಿನ ದಾರಿ.

ಮೂರನೆಯದು ಗಡಿಯಾರ. ಅದೇ ಬೇನನ ತೊಡಕು! ಈ ತುದಿಯ ಪೆಟ್ಟಿಗೆಗೂ ಆ ತುದಿಯ ಪೆಟ್ಟಿಗೆಗೂ ಬೇರೆ ಬೇರೆ ಗಡಿಯಾರಗಳು. ದಿನಕ್ಕೆ ನಾಲ್ಕು ಸೆಕೆಂಡು ಹೆಚ್ಚು ಕಡಿಮೆ ನಡೆಯುವ ಗಡಿಯಾರವನ್ನು ನಾವು ಒಳ್ಳೆಯದೆಂದೇ ಹೊಗಳುತ್ತೇವೆ. ಆದರೆ ಅಷ್ಟು ಅಂತರದಿಂದಲೇ ಸುಮಾರು ಏಳು ನಿಮಿಷಗಳಲ್ಲಿ ಒಂದು ಇಡೀ ಪೊಟ್ಟಣದಷ್ಟು ಹೆಚ್ಚಾಗುತ್ತದೆ ಅಥವಾ ಕೊರತೆಯಾಗುತ್ತದೆ. ಆಗ ಪೆಟ್ಟಿಗೆ ಒಂದನ್ನು ಬಿಸಾಡುತ್ತದೆ, ಇಲ್ಲವೆ ಒಂದನ್ನು ಹುಟ್ಟಿಸಿ ತುಂಬುತ್ತದೆ. ಮೊದಲ ಪುಟಗಳು ಚೊಕ್ಕಟವಾಗಿ ಹೋಗಿ, ಉದ್ದನೆಯ ಫ್ಯಾಕ್ಸುಗಳು ನಡುದಾರಿಯಲ್ಲಿ ಮುರಿದುಬೀಳುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಗುಮ್ಮಟದ ಮರುದನಿ. ದೂರವಾಣಿಯಲ್ಲಿ ನಮ್ಮ ಮಾತಿನ ಒಂದಂಶ ಆ ತುದಿಯಿಂದ ಮರಳಿ ಬರುತ್ತದೆ. ಪಯಣ ಬೇಗ ಮುಗಿದಾಗ ಅದು ಅರಿವಿಗೆ ಬಾರದು. ಪೊಟ್ಟಣ ಕಟ್ಟಿ ಬಿಚ್ಚುವ ತಡದಿಂದ ಅದು ಕಾಡತೊಡಗುತ್ತದೆ. ಅದನ್ನು ಅಳಿಸಲು ಪೆಟ್ಟಿಗೆಗಳಲ್ಲಿ ಮರುದನಿನಿವಾರಕಗಳಿವೆ. ಮಾತು ನಿಂತಾಗ ಏನನ್ನೂ ಕಳುಹಿಸದ ಮೌನರಕ್ಷಕಗಳಿವೆ. ಪೊಟ್ಟಣಗಳನ್ನು ತಡೆದು ಸಾಲುಗೂಡಿಸುವ ಕೊಟ್ಟಿಗೆಗಳೂ ಇದ್ದು, ಅವು ತಮ್ಮ ಅಳತೆಯನ್ನು ಆಗಾಗ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತವೆ. ಎಲ್ಲವೂ ಮಾತಿನ ಹಿತಕ್ಕಾಗಿಯೇ. ಸ್ವರಗಳ ಮೂಲಕ ಲೆಕ್ಕ ಹೇಳುತ್ತಿರುವ ಯಂತ್ರಕ್ಕೆ ಮಾತ್ರ ಈ ಉಪಕಾರಗಳೆಲ್ಲ ಅಪಕಾರಗಳಾಗಬಲ್ಲವು.

ಹಾಗಾದರೆ ಪರಿಹಾರವೇನು? ಎರಡು ಮಾರ್ಗಗಳಿವೆ. ಒಂದು, ಮಾತಿನ ದಾರಿಯನ್ನೇ ಆದಷ್ಟು ಸಪಾಟು ಮಾಡುವುದು. ಸಂಕೋಚನ ಬಿಟ್ಟು 64,000 ಬಿಟ್ಟುಗಳ ಹಳೆಯ ಪದ್ಧತಿಯನ್ನೇ ಬಳಸುವುದು, ಮೌನರಕ್ಷಕವನ್ನು ತೆಗೆಯುವುದು, ಕೊಟ್ಟಿಗೆಯ ಅಳತೆಯನ್ನು ಸ್ಥಿರಗೊಳಿಸುವುದು. ಒಂದೇ ಕಟ್ಟಡದೊಳಗೆ, ಒಂದೇ ಸಂಸ್ಥೆಯ ಒಳ್ಳೆಯ ಜಾಲದೊಳಗೆ ಇದು ಸಾಕಾದೀತು. ಸಾಗರದಾಚೆಗೆ ಇದನ್ನು ನೆಚ್ಚಲಾಗದು.

ಇನ್ನೊಂದು ಮಾರ್ಗ ವಿವೇಕದ್ದು. 1998ರಲ್ಲಿ ಗೊತ್ತುಪಡಿಸಿದ ಇದರ ಹೆಸರು ಟಿ. 38. ಇಲ್ಲಿ ಪೆಟ್ಟಿಗೆ ಕೂಲಿಯವನಂತೆ ಸ್ವರಗಳನ್ನು ಹೊರುವುದಿಲ್ಲ. ದುಭಾಷಿಯಂತೆ ಅವುಗಳನ್ನು ಕೇಳಿ ಅರ್ಥಮಾಡಿಕೊಳ್ಳುತ್ತದೆ. ಸ್ವರದೊಳಗಿನ ಬಿಟ್ಟುಗಳನ್ನು ಬಿಡಿಸಿಕೊಂಡು ಅವುಗಳನ್ನು ಮಾತ್ರ ಪೊಟ್ಟಣಗಳಲ್ಲಿ ಕಳುಹಿಸುತ್ತದೆ. ಆ ತುದಿಯ ಪೆಟ್ಟಿಗೆ ಆ ಬಿಟ್ಟುಗಳಿಂದ ಸ್ವರಗಳನ್ನು ಹೊಸದಾಗಿ ನುಡಿಸಿ ಅಲ್ಲಿಯ ಯಂತ್ರಕ್ಕೆ ಕೇಳಿಸುತ್ತದೆ. ಸ್ವರಗಳ ಪಯಣ ಎರಡೂ ಕಡೆ ಪೆಟ್ಟಿಗೆಯಿಂದ ಯಂತ್ರದವರೆಗಿನ ಕೆಲವು ಮೊಳಗಳಿಗೆ ಮುಗಿಯುತ್ತದೆ. ಗಡಿಯಾರಗಳ ಜಗಳವೂ ಬಹುಮಟ್ಟಿಗೆ ಅಲ್ಲಿಯೇ ಅಡಗುತ್ತದೆ. ಇದಲ್ಲದೆ ಪ್ರತಿ ಪೊಟ್ಟಣದೊಳಗೆ ಅದರ ಹಿಂದಿನ ಪೊಟ್ಟಣಗಳ ನಕಲನ್ನೂ ಇಡುವ ಏರ್ಪಾಡಿದೆ. ಒಂದು ಕಳೆದರೂ ಮುಂದಿನದರಲ್ಲಿ ಅದು ಸಿಕ್ಕುತ್ತದೆ. ಗುಮ್ಮಟದ ಮರುದನಿ ಕೇಳುವವನನ್ನು ಗೊಂದಲಕ್ಕೆ ಕೆಡವುತ್ತದೆ. ಈ ಮರುದನಿ ಕೇಳುವವನನ್ನು ಕಾಪಾಡುತ್ತದೆ.

ಆದರೆ ಒಂದು ಎಚ್ಚರಿಕೆ ಬೇಕು. ದಾರಿಯಲ್ಲಿರುವ ಎಲ್ಲ ಸಂಸ್ಥೆಗಳೂ ಟಿ. 38ನ್ನು ಒಪ್ಪಿದ್ದರೆ ಮಾತ್ರ ಈ ರಕ್ಷೆ ಪೂರ್ಣವಾಗುತ್ತದೆ. ನಡುವೆ ಒಬ್ಬರು ಅದನ್ನು ಅರಿಯದಿದ್ದರೆ ಕಾಗದ ಮತ್ತೆ ಮಾತಿನ ವೇಷ ತೊಡಬೇಕಾಗುತ್ತದೆ. ಆದುದರಿಂದ ಸೇವೆ ಕೊಡುವವರನ್ನು 'ಫ್ಯಾಕ್ಸ್ ಹೋಗುತ್ತದೆಯೇ?' ಎಂದು ಕೇಳಿದರೆ ಸಾಲದು, 'ಕೊನೆಯವರೆಗೂ ಟಿ. 38 ಇದೆಯೇ?' ಎಂದು ಕೇಳಬೇಕು.

ಇನ್ನು ಬಳಸುವವರ ಕೈಯಲ್ಲಿರುವ ಉಪಾಯಗಳು. ಯಂತ್ರದ ವೇಗವನ್ನು 14,400ರಿಂದ 9,600ಕ್ಕೋ ಅದಕ್ಕಿಂತ ಕೆಳಗೋ ಇಳಿಸಬಹುದು. 33,600ರ ಅತಿವೇಗದ ಪದ್ಧತಿಯಂತೂ ಅಂತರ್ಜಾಲ ದೂರವಾಣಿಯಲ್ಲಿ ಬೇಡವೇ ಬೇಡ. ಒಂದು ಕರೆಗೆ ಕೆಲವೇ ಪುಟಗಳಿರಲಿ. ಕಳುಹಿಸುವಾಗ ಅದೇ ಸಂಪರ್ಕದಲ್ಲಿ ಚಲನಚಿತ್ರ ನೋಡುವವರನ್ನು ತುಸು ತಡೆಯಿರಿ.

ಎಲ್ಲಕ್ಕೂ ಮಿಗಿಲಾದುದು ದೋಷನಿವಾರಣೆಯ ಪದ್ಧತಿ. ಯಂತ್ರಗಳ ಮೇಲೆ ಇದನ್ನು ಇಸಿಎಂ ಎಂದು ಬರೆದಿರುತ್ತಾರೆ. ಇದು ಪುಟವನ್ನು ಸಣ್ಣ ಕಂತೆಗಳಾಗಿ ವಿಂಗಡಿಸಿ, ಪ್ರತಿ ಕಂತೆಗೂ ಲೆಕ್ಕದ ಮುದ್ರೆ ಹಾಕಿ, ಮುದ್ರೆ ತಾಳೆಯಾಗದ ಕಂತೆಗಳನ್ನಷ್ಟೇ ಮತ್ತೆ ಕೇಳಿ ಪಡೆಯುತ್ತದೆ. ಇದನ್ನು ಬಿಟ್ಟುಕೊಟ್ಟರೆ ಕೆಟ್ಟ ದಾರಿಯಲ್ಲಿಯೂ ಫ್ಯಾಕ್ಸ್ ಮುಗಿದೀತೆಂದು ಕೆಲವರು ಸಲಹೆ ಕೊಡುವುದುಂಟು. ಮುಗಿಯುವುದು ನಿಜ, ಹೇಗೆ ಮುಗಿಯುತ್ತದೆಂಬುದೇ ಪ್ರಶ್ನೆ. ಇಸಿಎಂ ಇಲ್ಲದಾಗ, ಕೆಟ್ಟ ಗೆರೆಗಳು ಒಂದು ಮಿತಿಯೊಳಗಿದ್ದರೆ ಪಡೆಯುವ ಯಂತ್ರ ಪುಟವನ್ನು ಒಪ್ಪಿಕೊಂಡು 'ಮುಟ್ಟಿತು' ಎಂದುಬಿಡುತ್ತದೆ. ಕೈಬರಹದ ಒಂದು ಸಾಲಿಗೆ 6 ಮಿಲಿಮೀಟರು ಎತ್ತರವೆಂದರೆ ಅದು ಬರೀ 23 ಗೆರೆಗಳು. 1,100ಕ್ಕೂ ಮಿಕ್ಕ ಗೆರೆಗಳ ಪುಟದಲ್ಲಿ ಅಷ್ಟು ಕೆಟ್ಟರೆ ಯಂತ್ರಕ್ಕೆ ಅದು ಅಲ್ಪ. ಆ 23 ಗೆರೆಗಳಲ್ಲಿ ಇದ್ದುದು ಒಂದು ಜೀವದ ಪ್ರಶ್ನೆಯೆಂದು ಯಂತ್ರಕ್ಕೆ ತಿಳಿಯುವ ಬಗೆ ಹೇಗೆ?

ಅಥಣಿ ರಸ್ತೆಯಲ್ಲಿ ಆದದ್ದು ಇದೇ. ಆ ಯಂತ್ರದಲ್ಲಿ ಇಸಿಎಂ ಇತ್ತು. ಯಾರೋ ಎಂದೋ ಅದನ್ನು ಆರಿಸಿಟ್ಟಿದ್ದರು. ಅದನ್ನು ಮತ್ತೆ ಚಾಲೂ ಮಾಡಿ, ವೇಗವನ್ನು 4,800ಕ್ಕೆ ಇಳಿಸಿ, ಒಂದು ಕರೆಗೆ ಒಂದೇ ಪುಟದಂತೆ ಕಳುಹಿಸಿದೆವು. ಎರಡನೆಯ ಪುಟ ಎರಡು ಸಲ ನಡುವೆಯೇ ಕಡಿದುಹೋಯಿತು. ಮನೆಯ ಯಜಮಾನರು ಕೈ ಹಿಚುಕಿಕೊಂಡರು. ನನಗೆ ಮಾತ್ರ ಅದರಿಂದ ಸಮಾಧಾನವೇ ಆಯಿತು. ಕೆಟ್ಟು ತಲುಪುವ ಪುಟಕ್ಕಿಂತ ತಲುಪದ ಪುಟ ಮೇಲು. ತಲುಪದಿದ್ದುದು ತಲುಪಲಿಲ್ಲವೆಂದಾದರೂ ತಿಳಿಯುತ್ತದೆ. ಮೂರನೆಯ ಸಲ ಪುಟ ಪೂರ್ತಿಯಾಗಿ ಹೋಯಿತು. ಆಮೇಲೆ ವೈದ್ಯರು ತಾವೇ ಆ ಚಿಕಿತ್ಸಾಲಯಕ್ಕೆ ಫೋನು ಮಾಡಿ, ಔಷಧದ ಹೆಸರಿನ ಒಂದೊಂದು ಅಕ್ಷರವನ್ನೂ ಅವರಿಂದ ಓದಿಸಿ ಕೇಳಿದರು. ಕೆಲವು ದಿನಗಳಲ್ಲಿ ಆ ತಾಯಿ ಚೇತರಿಸಿಕೊಂಡು ಮೊಮ್ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಾರೆಂಬ ಸುದ್ದಿ ಬಂದಿತು.

ಆ ಕೊನೆಯ ಕರೆಯನ್ನು ನಾನು ಎಲ್ಲ ಉಪಾಯಗಳಿಗಿಂತ ಹೆಚ್ಚೆಂದು ಎಣಿಸುತ್ತೇನೆ. ಈಗ ಗಣಕಯಂತ್ರದಿಂದಲೇ ಫ್ಯಾಕ್ಸ್ ಕಳುಹಿಸುವ ಸೇವೆಗಳಿವೆ. ಕಾಗದದ ಚಿತ್ರವನ್ನು ಅವು ಮೊದಲು ತಾವು ಪಡೆದಿಟ್ಟುಕೊಂಡು, ಅನಂತರ ಮುಂದಕ್ಕೆ ದಾಟಿಸುತ್ತವೆ. ನೆಚ್ಚಲು ಅವೂ ಯೋಗ್ಯವೇ. ಆದರೆ ಅಲ್ಲಿ 'ಸ್ವೀಕರಿಸಲಾಯಿತು' ಎಂದರೆ ನಡುವಿನವರು ಸ್ವೀಕರಿಸಿದರೆಂದೇ ಹೊರತು ಬೇಕಾದವರು ಸ್ವೀಕರಿಸಿದರೆಂದಲ್ಲ. ಯಂತ್ರ ಯಂತ್ರವನ್ನು ಮುಟ್ಟಿದರೂ ಮನುಷ್ಯ ಮನುಷ್ಯನನ್ನು ಮುಟ್ಟದಿರಬಹುದು. 2018ರ ನವೆಂಬರ್ 21ರಂದು ಜಮ್ಮು ಮತ್ತು ಕಾಶ್ಮೀರದಲ್ಲಿ ಸರ್ಕಾರ ರಚಿಸಲು ಹಕ್ಕು ಮಂಡಿಸುವ ಪತ್ರವನ್ನು ಮೆಹಬೂಬಾ ಮುಫ್ತಿಯವರು ಫ್ಯಾಕ್ಸಿನಲ್ಲಿ ಕಳುಹಿಸಲು ಯತ್ನಿಸಿದರು. ರಾಜಭವನದಲ್ಲಿ ಅದು ಸ್ವೀಕಾರವಾಗುತ್ತಿಲ್ಲವೆಂದರು. ಅಂದು ಹಬ್ಬದ ರಜೆಯಾದ್ದರಿಂದ ಫ್ಯಾಕ್ಸ್ ನೋಡಿಕೊಳ್ಳಲು ಯಾರೂ ಇರಲಿಲ್ಲವೆಂಬ ಉತ್ತರ ಆಮೇಲೆ ರಾಜ್ಯಪಾಲರಿಂದ ಬಂದಿತು. ಅಷ್ಟರಲ್ಲಿ ವಿಧಾನಸಭೆ ವಿಸರ್ಜನೆಯಾಗಿತ್ತು. ಒಂದು ಕಾಗದ ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಎಷ್ಟು ಅಂತರವಿರಬಹುದೆಂಬುದನ್ನು ದೇಶವೆಲ್ಲ ಆ ದಿನ ಕಂಡಿತು.

ಫ್ಯಾಕ್ಸ್ ಯಂತ್ರ ಇನ್ನೆಷ್ಟು ಕಾಲ ಉಳಿದೀತೋ! ಅದು ಹೋದ ಮೇಲೂ ಮಾತಿಗೆಂದು ಮಾಡಿದ ದಾರಿಯಲ್ಲಿ ಬೇರೊಂದನ್ನು ಸಾಗಿಸುವ ಅಗತ್ಯ ನಮಗೆ ಬೀಳುತ್ತಲೇ ಇರುತ್ತದೆ. ಆಗ ಹೊರುವವನಿಗೆ ತಾನು ಹೊತ್ತಿರುವುದು ಏನೆಂದು ತಿಳಿದಿರಬೇಕು. ಕಳುಹಿಸಿದವನು ಮುಟ್ಟಿತೇ ಎಂದು ಕೇಳಬೇಕು. ಗೋಳಗುಮ್ಮಟದ ಮೊಗಸಾಲೆಯಲ್ಲಿ ಪಿಸುಗುಟ್ಟಿದ ಹುಡುಗನೂ ಎದುರು ಬದಿಯ ಗೆಳೆಯ ಕೈಯೆತ್ತಿ ತೋರಿಸುವವರೆಗೆ ಅಲ್ಲಿಂದ ಕದಲುವುದಿಲ್ಲ.

(ಬಾನುಲಿ ಭಾಷಣ)